ಮೂರು ಮೆಟ್ಟಿಲಿನ ಮನೆ

ಟಾರ್ಪ್ಲೀ ಜಮೀನು, ಅಲಬಾಮಾ
12 ಡಿಸೆಂಬರ್ 1965

ಮಗಾ ರೂಬೆನ್,

ನೀನು ಹಡಗು ಹತ್ತಿ ಆರು ವಾರವಾಯಿತು. ಲವರ್ನ್ ದಿನಾ ಶಾಲೆಯಿಂದ ಬಂದವಳೇ ಭೂಪಟದ ಮೇಲೆ ಬೆರಳಿಟ್ಟು, "ಅಣ್ಣ ಈಗ ಇಲ್ಲಿ" ಎನ್ನುತ್ತಾಳೆ. ಹನ್ನೊಂದು ವರ್ಷದವಳ ಒಂದು ಬೆರಳಿಗೆ ಆ ದೇಶ ಪೂರ್ತಿ ಮುಚ್ಚಿಹೋಗುತ್ತದೆ. ಅಷ್ಟು ಸಣ್ಣ ದೇಶಕ್ಕೆ ನಿನ್ನಂಥವರು ಅಷ್ಟೊಂದು ಜನ ಯಾಕೆ ಬೇಕೋ ನನಗೆ ತಿಳಿಯುತ್ತಿಲ್ಲ.

ಸುದ್ದಿಯನ್ನು ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದೆ. ಕೋರ್ಟಿನಲ್ಲಲ್ಲ. ಆ ಮೆಟ್ಟಿಲು ಹತ್ತಿ ಮೂರು ಸಲ ಕರಿಯಳೆಂದು ಬಾಗಿಲಿನಿಂದಲೇ ಅಟ್ಟಿಸಿಕೊಂಡು ಬಂದದ್ದು ನಿನಗೆ ಗೊತ್ತು. ಈ ಸಲ ಹೊಸ ಕಾನೂನಿನಂತೆ ವಾಷಿಂಗ್ಟನ್ನಿನಿಂದ ಬಂದವನೊಬ್ಬ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ. ಹೆಸರು ಕೇಳಿದ, ವಯಸ್ಸು ಕೇಳಿದ, ಬರೆದುಕೊಂಡ. ಮುಗಿಯಿತು. ಇಷ್ಟಕ್ಕೇ ನಲವತ್ತನಾಲ್ಕು ವರ್ಷ ಕಾಯಿಸಿದರೇ ಎಂದು ಮೊದಲು ಸಿಟ್ಟು ಬಂತು. ಸಂತೋಷ ಆಮೇಲೆ ಬಂತು.

ಗುರುವಾರ ಟಾರ್ಪ್ಲೀ ಧಣಿ ಬಂದ. ಗಾಡಿಯಿಂದ ಇಳಿಯಲಿಲ್ಲ. ಹಾರನ್ ಹೊಡೆದು ನನ್ನನ್ನೇ ಕರೆಸಿಕೊಂಡ.

"ಓರಾ ಲೀ, ಪಟ್ಟೀಲಿ ನಿನ್ ಹೆಸರು ನೋಡ್ದೆ. ಬೇರೆ ಯಾರೋ ಓರಾ ಲೀ ಇರ್ಬೇಕು ಅಂದ್ಕೊಂಡೆ."

"ಇಲ್ಲ ಧಣಿ, ನಾನೇ."

"ನಿಂಗೆ ನಾನೇನೇ ಕಡಿಮೆ ಮಾಡಿದ್ದೆ?"

"ಅದನ್ನೆಲ್ಲಾ ಹೇಳೋಕೆ ನಿಂತ್ರೆ ನಿಮ್ ಊಟದ ಹೊತ್ತು ಮೀರ್‍ಹೋಗುತ್ತೆ."

ಅವನು ನಗಲಿಲ್ಲ. "ಹೊಸ ವರ್ಷದೊಳಗೆ ಹೋಗಿ ಹೆಸರು ತೆಗೆಸ್ಕೊಂಡು ಬಾ. ಇಲ್ಲಾಂದ್ರೆ ಮನೆ ಖಾಲಿ ಮಾಡು. ನನ್ ಮನೆ ನನ್ ಮಾತು ಕೇಳೋರಿಗೆ" ಅಂದ. ನಿಮ್ಮಪ್ಪ ಸಾಯುವ ವರ್ಷ ಬಾಗಿಲ ಮುಂದೆ ಕಟ್ಟಿದ ಮೂರು ಮೆಟ್ಟಿಲ ಮೇಲೆ ನಿಂತು ಇದನ್ನು ಕೇಳಿಸಿಕೊಂಡೆ. ಮೂವತ್ತು ವರ್ಷದಿಂದ ಅವನ ಹತ್ತಿ ಬಿಡಿಸಿದ್ದೇವೆ, ಅರ್ಧ ಬೆಳೆ ಅವನಿಗೆ ಅಳೆದುಕೊಟ್ಟಿದ್ದೇವೆ. ಮನೆ ಮಾತ್ರ ಅವನದು.

ನಮ್ಮ ಗೋಡೆಯ ಮೂವರು ಅಧ್ಯಕ್ಷರು ಯೇಸುವಿನ ಪಕ್ಕದಲ್ಲಿ ಸುಖವಾಗಿದ್ದಾರೆ. ಲಿಂಕನ್ ಇದ್ದಾನೆ, ಎರಡು ವರ್ಷದ ಹಿಂದೆ ಗುಂಡು ತಿಂದ ಆ ಚಿಕ್ಕ ವಯಸ್ಸಿನವನಿದ್ದಾನೆ, ಕ್ಯಾಲೆಂಡರಿನಿಂದ ಕತ್ತರಿಸಿ ಹಾಕಿದ ಈಗಿನ ಜಾನ್ಸನ್ ಇದ್ದಾನೆ. ಆ ಕಾನೂನು ತಂದು ನನ್ನ ಕೈಗೆ ಪೆನ್ನು ಕೊಟ್ಟವನೂ ಇವನೇ, ನಿನ್ನ ಕೈಗೆ ಬಂದೂಕು ಕೊಟ್ಟವನೂ ಇವನೇ. ಒಂದು ದಿನ ಅವನ ಧೂಳು ಒರೆಸುತ್ತೇನೆ, ಇನ್ನೊಂದು ದಿನ ಮುಖವನ್ನು ಗೋಡೆಗೆ ತಿರುಗಿಸುತ್ತೇನೆ.

ಹುಷಾರು ಮಗಾ.

ನಿನ್ನ ಅವ್ವ,
ಓರಾ ಲೀ


ವಿಯೆಟ್ನಾಂ
26 ಡಿಸೆಂಬರ್ 1965

ಅವ್ವ,

ನನ್ನ ಬಗ್ಗೆ ಚಿಂತೆ ಬೇಡ. ನನ್ನನ್ನು ಅಡುಗೆಮನೆಗೆ ಹಾಕಿದ್ದಾರೆ. ದಿನವಿಡೀ ಆಲೂಗಡ್ಡೆ ಸುಲಿಯುತ್ತೇನೆ, ದೊಡ್ಡ ದೊಡ್ಡ ಬೋಗುಣಿ ತೊಳೆಯುತ್ತೇನೆ. ಗುಂಡಿನ ಸದ್ದು ದೂರದಲ್ಲೆಲ್ಲೋ ಕೇಳುತ್ತದೆ, ಅಷ್ಟೇ.

ಹೆಸರು ಬರೆಸಿದ್ದು ಕೇಳಿ ಒಂದು ಗಳಿಗೆ ಎದೆ ಉಬ್ಬಿತು, ಮರುಗಳಿಗೆ ಕುಸಿಯಿತು. ಟಾರ್ಪ್ಲೀ ಸುಮ್ಮನೆ ಬೆದರಿಸುವವನಲ್ಲ. ಮುಂದಿನ ನವೆಂಬರಿಗೆ ನನ್ನ ಒಂದು ವರ್ಷ ಮುಗಿಯುತ್ತದೆ. ಅಲ್ಲಿಯವರೆಗೆ ಹೇಗಾದರೂ ಮಾಡಿ ಮನೆ ಉಳಿಸಿಕೋ. ಆಮೇಲೆ ಇಬ್ಬರೂ ಸೇರಿ ನೋಡಿಕೊಳ್ಳೋಣ.

ನಿನಗೆ ನಗು ಬರಬಹುದು. ನಿದ್ದೆ ಬರದಿದ್ದಾಗ ನಾನು ಮನಸ್ಸಿನಲ್ಲೇ ನಮ್ಮ ಮನೆಗೆ ಹೋಗುತ್ತೇನೆ. ಅಪ್ಪ ಕಟ್ಟಿದ ಮೂರು ಮೆಟ್ಟಿಲು ಹತ್ತುತ್ತೇನೆ. ಎರಡನೆಯದು ಕಿರ್ ಎನ್ನುತ್ತದೆ. ನೀನು ಒಳಗಿನಿಂದ "ಕಾಲು ಒರೆಸ್ಕೊಂಡು ಬಾರೋ" ಎನ್ನುತ್ತೀಯ. ಅಷ್ಟರಲ್ಲಿ ನಿದ್ದೆ ಬರುತ್ತದೆ. ಆ ಮೆಟ್ಟಿಲು ಇದ್ದರೆ ನಾನಿದ್ದೇನೆ.

ರೂಬೆನ್


6 ಜನವರಿ 1966
(ಕಳಿಸುವುದಕ್ಕಲ್ಲ)

ರೂಬೆನ್,

ಇದನ್ನು ನಿನಗೆ ಕಳಿಸುವುದಿಲ್ಲ. ಎದೆಯಲ್ಲಿ ಇಟ್ಟುಕೊಂಡರೆ ಕೊಳೆಯುತ್ತದೆ ಎಂದು ಬರೆಯುತ್ತಿದ್ದೇನೆ.

ಮನೆ ಹೋಯಿತು. ಹೊಸ ವರ್ಷದ ಹಿಂದಿನ ದಿನ ಟಾರ್ಪ್ಲೀ ನಾಲ್ಕು ಆಳುಗಳನ್ನು ಕಳಿಸಿದ. ನಾಲ್ವರೂ ನಮ್ಮವರೇ. ಮಂಚ ಎತ್ತುವಾಗ ಒಬ್ಬ ನನ್ನ ಕಡೆ ನೋಡಲಾರದೆ ಅಳುತ್ತಿದ್ದ. "ಅಳ್ಬೇಡ ಕಣೋ, ಆ ಒಲೆ ನೆಟ್ಟಗೆ ಹಿಡ್ಕೋ, ಕಾಲು ಮುರಿದೀತು" ಎಂದು ನಾನೇ ಸಮಾಧಾನ ಹೇಳಬೇಕಾಯಿತು.

ಈಗ ಹೆದ್ದಾರಿ ಪಕ್ಕ, ನಮ್ಮವರೇ ಸೇರಿ ಕೊಂಡಿರುವ ಹೊಲದಲ್ಲಿ ಎಂಟು ಡೇರೆ ಇವೆ. ಎಂಟು ಮನೆಯವರದೂ ಒಂದೇ ತಪ್ಪು: ಹೆಸರು ಬರೆಸಿದ್ದು. ನಮ್ಮದು ಮೂರನೆಯ ಡೇರೆ. ಮತದ ಹಕ್ಕಿನ ಚಳವಳಿಯ ಹುಡುಗರು ಎಲ್ಲಿಂದಲೋ ತಂದರು. ಸೈನ್ಯದವರು ಹಳತಾಯಿತೆಂದು ಮಾರಿದ ಡೇರೆ. ಬದಿಯಲ್ಲಿ ಅವರ ಮುದ್ರೆ ಇನ್ನೂ ಮಾಸಿಲ್ಲ. ನೋಡಿದಾಗ ನಗು ಬಂತು. ಸರ್ಕಾರ ನಿನಗೆ ಹೊಸ ಡೇರೆ ಕೊಟ್ಟಿದೆ, ನಿನ್ನ ಅವ್ವನಿಗೆ ಹಳೇದು.

ನೀನು ಆ ಮೆಟ್ಟಿಲು ಹಿಡಿದುಕೊಂಡು ಬದುಕಿದ್ದೀಯ. ಅದನ್ನು ನಿನ್ನ ಕಾಲ ಕೆಳಗಿನಿಂದ ನಾನು ಎಳೆಯಲಾರೆ. ಈ ಹಾಳೆ ಟ್ರಂಕಿನ ತಳಕ್ಕೆ.

ಅವ್ವ


ಅಲಬಾಮಾ
6 ಜನವರಿ 1966

ಮಗಾ ರೂಬೆನ್,

ನಾವು ಚೆನ್ನಾಗಿದ್ದೇವೆ. ಚಳಿ ಸ್ವಲ್ಪ ಜಾಸ್ತಿ. ಇನ್ನು ಮೇಲೆ ಕಾಗದವನ್ನು ಡೀಕನ್ ಟಾಲ್ಬರ್ಟ್ ಅವರ ವಿಳಾಸಕ್ಕೆ ಹಾಕು. ಚರ್ಚಿನ ಕೆಲಸಕ್ಕೆ ಹೇಗೂ ವಾರಕ್ಕೆರಡು ಸಲ ಅವರು ಇತ್ತ ಬರುತ್ತಾರೆ. ಧಣಿಯ ಅಂಗಡಿಯವನು ನಮ್ಮ ಕಾಗದ ಒಡೆದು ನೋಡುತ್ತಾನೆ, ಅದಕ್ಕೆ.

ಮೆಟ್ಟಿಲು ಇದ್ದ ಹಾಗೇ ಇದೆ. ಎರಡನೆಯದು ಈಗಲೂ ಕಿರ್ ಎನ್ನುತ್ತದೆ.

ಅವ್ವ


ವಿಯೆಟ್ನಾಂ
20 ಮಾರ್ಚ್ 1966

ಅವ್ವ,

ಮೊನ್ನೆ ನನಗೆ ಇಪ್ಪತ್ತು ತುಂಬಿತು. ಜೊತೆಯವರು ಡಬ್ಬಿಯ ಪೀಚ್ ಹಣ್ಣಿನ ಮೇಲೆ ಬೆಂಕಿಕಡ್ಡಿ ಸಿಕ್ಕಿಸಿ ಹಚ್ಚಿದರು. ನಮ್ಮ ಜೊತೆ ಮಿಸಿಸಿಪ್ಪಿಯ ಬಿಳಿಯನೊಬ್ಬ ಇದ್ದಾನೆ, ಡ್ವೈಟ್ ಅಂತ. ಗುಲಾಮರ ಕಾಲದ ದಕ್ಷಿಣದ ಬಾವುಟವನ್ನು ತನ್ನ ಮಂಚಕ್ಕೆ ಕಟ್ಟಿಕೊಂಡಿದ್ದಾನೆ. ಅವನೇ ನನಗೆ ಮೊದಲ ಚೂರು ತಿನ್ನಿಸಿದ.

"ನಮ್ಮೂರಲ್ಲಿ ಹಿಂಗೆ ತಿನ್ನಿಸಿದ್ರೆ ನಮ್ಮಪ್ಪ ನನ್ನ ಸುಟ್ಬಿಡ್ತಾನೆ ಕಣೋ ರೂಬೆನ್" ಅಂದ.

"ಮೊದ್ಲು ನನ್ನ ಸುಡ್ತಾನೆ, ಆಮೇಲೆ ನಿನ್ನ. ಸರದಿ ತಪ್ಪಿಸ್ಬೇಡ" ಅಂದೆ.

ಎಲ್ಲರೂ ನಕ್ಕರು.

ಇಪ್ಪತ್ತು ವರ್ಷ ಕೊಲ್ಲುವುದಕ್ಕೆ ಸಾಕಂತೆ ಅವ್ವ. ಮತ ಹಾಕುವುದಕ್ಕೆ ಇನ್ನೂ ಒಂದು ಕಮ್ಮಿ. ತಮಾಷೆಗೆ ಹೇಳಿದೆ. ನಾನು ಅಡುಗೆಮನೆಯಲ್ಲೇ ಇದ್ದೇನೆ.

ರೂಬೆನ್


ಅಲಬಾಮಾ
17 ಏಪ್ರಿಲ್ 1966

ಮಗಾ,

ಲವರ್ನ್ ಉದ್ದವಾಗಿದ್ದಾಳೆ. ಸೊಪ್ಪು ಹಾಕಿದ್ದೇನೆ, ಚೆನ್ನಾಗಿ ಬಂದಿದೆ.

ಊರಿನ ಸುದ್ದಿ ಅಂದರೆ, ಹೆದ್ದಾರಿ ಪಕ್ಕ ಕೆಲವರು ಡೇರೆ ಹಾಕಿಕೊಂಡಿದ್ದಾರೆ, ಅವರ ಮೇಲೆ ಮೊನ್ನೆ ದೀಪ ಹಚ್ಚುವ ಹೊತ್ತಿನಲ್ಲಿ ಯಾರೋ ಗಾಡಿಯಲ್ಲಿ ಹೋಗುತ್ತಾ ಗುಂಡು ಹಾರಿಸಿದರು. ಅಲ್ಲೊಬ್ಬ ಹೆಂಗಸು ಮಗಳ ತಲೆ ಬಾಚುತ್ತಿದ್ದಳಂತೆ. ಗುಂಡು ಒಂದು ಬದಿಯಿಂದ ಬಂದು ಲಾಟೀನು ಒಡೆದು ಇನ್ನೊಂದು ಬದಿಯಿಂದ ಹೋಯಿತಂತೆ. ಬಟ್ಟೆಯ ಗೋಡೆ, ತಡೆಯುವುದಕ್ಕೆ ಏನಿದೆ. ಯಾರಿಗೂ ಏನೂ ಆಗಲಿಲ್ಲವಂತೆ. ಆ ಹೆಂಗಸು ಮಗಳ ಇನ್ನೊಂದು ಜಡೆಯನ್ನೂ ಹೆಣೆದು ಮುಗಿಸಿದಳಂತೆ, ಕತ್ತಲಲ್ಲೇ. ಅರ್ಧಕ್ಕೆ ಬಿಟ್ಟರೆ ಮಗು ಹೆದರುತ್ತದಲ್ಲ.

ಪೊಲೀಸರ ಮೇಲಿನವನು, ಆ ಷರೀಫನಿಗೆ ದೂರು ಕೊಟ್ಟರೆ, "ಜಿಂಕೆ ಬೇಟೆಯವ್ರಿರ್ಬೇಕು" ಅಂದನಂತೆ. ಬರುವ ಚುನಾವಣೆಯಲ್ಲಿ ಅವನ ಎದುರು ಡೀಕನ್ ಟಾಲ್ಬರ್ಟ್ ನಿಲ್ಲುತ್ತಾರೆ.

ನಾವು ಕ್ಷೇಮ.

ಅವ್ವ


ವಿಯೆಟ್ನಾಂ
12 ಮೇ 1966

ಅವ್ವ,

ಈ ಕಾಗದ ಒಬ್ಬಳೇ ಓದು.

ನಿನ್ನ ಹೋದ ತಿಂಗಳ ಕಾಗದ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಮೇಣ, ಸೀಮೆಎಣ್ಣೆ, ಒದ್ದೆ ನಾಯಿ ಮೂರನ್ನೂ ಸೇರಿಸಿ ಬೇಯಿಸಿದಂಥ ವಾಸನೆ. ನನ್ನ ಡೇರೆಯದೇ ಇರಬೇಕೆಂದು ಕಾಗದವನ್ನು ಹೊಳೆದಂಡೆಗೆ ಒಯ್ದು, ಗಾಳಿಯಲ್ಲಿ ನಿಂತು ಮೂಸಿದೆ. ಹೋಗಲಿಲ್ಲ. ಹಿಂದಿನ ಕಾಗದಗಳನ್ನು ತೆಗೆದೆ. ಡಿಸೆಂಬರಿನದು ನಮ್ಮ ಮನೆಯ ಹೊಗೆ ವಾಸನೆ. ಜನವರಿಯಿಂದ ಮುಂದೆ ಎಲ್ಲದಕ್ಕೂ ಇದೇ. ಆರು ತಿಂಗಳು ಈ ಡೇರೆ ಬಟ್ಟೆಯ ಕೆಳಗೆ ಮಲಗಿದ್ದೇನೆ. ನನಗೆ ಮೋಸ ಮಾಡಬೇಡ.

ಜಡೆ ಹೆಣೆಯುತ್ತಿದ್ದವಳು ನೀನು. ಗುಂಡು ಹಾದದ್ದು ಲವರ್ನ್ ತಲೆಯ ಪಕ್ಕ.

ನಾನು ಕಾಲು ಹಿಡಿದು ಕೇಳುತ್ತೇನೆ, ಟಾರ್ಪ್ಲೀ ಹತ್ತಿರ ಹೋಗು. ಹೆಸರು ತೆಗೆಸುತ್ತೇನೆ ಅನ್ನು. ಮನೆಗೆ ವಾಪಸ್ ಹೋಗು. ಡೀಕನ್ನಿಗೆ ಷರೀಫನ ಚುನಾವಣೆ ಗೆಲ್ಲಬೇಕಿದ್ದರೆ ಅವರ ಹೆಂಡತಿಯನ್ನು ಡೇರೆಯಲ್ಲಿ ಮಲಗಿಸಲಿ. ನಿನ್ನ ಒಂದು ಮತದಿಂದ ಏನೂ ಬದಲಾಗುವುದಿಲ್ಲ. ಇಲ್ಲಿ ಸ್ವಾತಂತ್ರ್ಯ, ಸ್ವಾತಂತ್ರ್ಯ ಎಂದು ದಿನಾ ರೇಡಿಯೋದಲ್ಲಿ ಕೂಗುತ್ತಾರೆ. ಆ ಪದ ಬಂದ ಕೂಡಲೇ ಈಗ ನಾನು ಎದ್ದು ಹೊರಗೆ ಹೋಗುತ್ತೇನೆ. ನನಗೆ ಅದು ಬೇಡ. ವಾಪಸ್ ಬರುವುದಕ್ಕೆ ಒಂದು ಮನೆ ಬೇಕು.

ಹೆಸರು ತೆಗೆಸಿದೆ ಎಂದು ಬರೆದ ಮೇಲೆಯೇ ನಾನು ಮುಂದಿನ ಕಾಗದ ಬರೆಯುವುದು.

ರೂಬೆನ್


ಮೂರನೆಯ ಡೇರೆ, ಹೆದ್ದಾರಿ ಪಕ್ಕ
5 ಜೂನ್ 1966

ರೂಬೆನ್,

ಸುಳ್ಳು ಹೇಳಿದ್ದು ಹೌದು. ಈಗ ನಿನ್ನದೂ ಕೇಳು. ಅಡುಗೆಮನೆಯವನ ಕಾಗದದ ಮೇಲೆ ಎಣ್ಣೆ ಕಲೆ ಇರಬೇಕು ಕಣೋ. ನಾನು ಹನ್ನೆರಡು ವರ್ಷ ಟಾರ್ಪ್ಲೀ ಹೆಂಡತಿಯ ಒಲೆ ಮುಂದೆ ನಿಂತವಳು. ನನ್ನ ಬೈಬಲ್ಲಿನ ಹಾಳೆಗೂ ಎಣ್ಣೆ ಮೆತ್ತಿದೆ. ನಿನ್ನ ಒಂದು ಕಾಗದಕ್ಕೂ ಒಂದು ತೊಟ್ಟು ಜಿಡ್ಡಿಲ್ಲ. ಕೆಂಪು ಮಣ್ಣಿದೆ, ಮಡಿಕೆ ಮಡಿಕೆಯಲ್ಲಿ. ಮೊದಲ ಕಾಗದಕ್ಕೇ ನನಗೆ ಗೊತ್ತಾಯಿತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ನಿನಗೆ ನನ್ನ ಮೆಟ್ಟಿಲು ಬೇಕಾಗಿದ್ದ ಹಾಗೆ ನನಗೂ ನಿನ್ನ ಆಲೂಗಡ್ಡೆ ಬೇಕಾಗಿತ್ತು.

ಹೆಸರು ತೆಗೆಸುವುದಿಲ್ಲ.

ಹೋದ ವಾರ ಟಾರ್ಪ್ಲೀ ಮತ್ತೆ ಬಂದಿದ್ದ. ಈ ಸಲ ಗಾಡಿಯಿಂದ ಇಳಿದ. "ಮಳೇಲಿ ಯಾಕೆ ಸಾಯ್ತೀಯ ಓರಾ ಲೀ? ಮನೆ ಖಾಲೀನೇ ಇದೆ. ಒಂದು ಸಹಿ ಹಾಕು, ಬೀಗದ ಕೈ ತಗೋ" ಅಂದ. ಬೀಗದ ಕೈ ತಂದೇಬಿಟ್ಟಿದ್ದ, ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದ. ನಿನ್ನ ಕಾಗದ ಆಗ ನನ್ನ ಲಂಗದ ಜೇಬಿನಲ್ಲಿತ್ತು. ನೀನೂ ಅವನೂ ಒಂದೇ ಮಾತು ಆಡಿದಿರಿ. ಅದು ಎಲ್ಲಿ ಚುಚ್ಚಿತು ಅನ್ನುವುದನ್ನು ಬರೆಯಲಾರೆ.

ನಮ್ಮ ಅಜ್ಜ ಸೈರಸ್ ವಿಷಯ ನಿನಗೆ ಅರ್ಧ ಮಾತ್ರ ಹೇಳಿದ್ದೆ. ಗುಲಾಮಗಿರಿಯ ಯುದ್ಧ ಮುಗಿಯುತ್ತಿದ್ದ ವರ್ಷ ಅವನಿಗೂ ಇಪ್ಪತ್ತೇ. ಜಾರ್ಜಿಯಾದ ಸಮುದ್ರದ ದಂಡೆಯಲ್ಲಿ ಸೈನ್ಯದವರು ಅವನಿಗೆ ಜಮೀನು ಕೊಟ್ಟರು, ಒಂದು ಕಾಗದ ಕೊಟ್ಟರು. ಬಿತ್ತನೆ ಮಾಡಿದ. ಅಷ್ಟರಲ್ಲಿ ಲಿಂಕನ್ ಸತ್ತ. ಅವನ ಕುರ್ಚಿಗೆ ಬಂದ ಅಧ್ಯಕ್ಷನ ಹೆಸರೂ ಜಾನ್ಸನ್ನೇ. ದೇಶವನ್ನು ಮತ್ತೆ ಕಟ್ಟುತ್ತೇನೆ ಎಂದ. ಕಟ್ಟಿದ್ದು ಹೇಗೆ ಗೊತ್ತಾ? ಹಳೇ ಧಣಿಗಳನ್ನು ಕ್ಷಮಿಸಿ, ಜಮೀನು ವಾಪಸ್ ಕೊಡಿಸಿ. ಒಂದು ಬೆಳೆ ತೆಗೆಯುವಷ್ಟರಲ್ಲಿ ಅಧಿಕಾರಿ ಬಂದು ಅಜ್ಜನ ಮುಂದೆ ಕೈ ಚಾಚಿ, "ಕಾಗದ ಕೊಡು" ಅಂದ. ಅಜ್ಜ ಕೊಟ್ಟ. ನಾನು ಅರ್ಧ ಹೇಳಿದ್ದು ಇಲ್ಲಿಯವರೆಗೆ.

ಉಳಿದರ್ಧ ಇದು. ಎಂಬತ್ತು ದಾಟಿದ ಮೇಲೆ, ನಾನು ಮಡಿಲಲ್ಲಿ ಕೂರುವ ವಯಸ್ಸಿನವಳಾಗಿದ್ದಾಗ, ಅಜ್ಜ ಬಲಗೈಯನ್ನು ನೋಡುತ್ತಾ ಕೂರುತ್ತಿದ್ದ. "ಕಿತ್ಕೊಂಡಿದ್ರೆ ಇಷ್ಟು ಸಂಕಟ ಆಗ್ತಿರ್ಲಿಲ್ಲ ಮಗಾ. ನಾನೇ ಎತ್ತಿ ಕೊಟ್ಟೆ" ಅನ್ನುತ್ತಿದ್ದ. ಮನೆಯನ್ನು ಟಾರ್ಪ್ಲೀ ಕಿತ್ತುಕೊಂಡಿದ್ದಾನೆ. ಕಿತ್ತುಕೊಳ್ಳಲಿ. ಹೆಸರನ್ನು ನಾನೇ ಎತ್ತಿ ಕೊಡುವುದಿಲ್ಲ. ನೀನು ಕೇಳಿದರೂ ಕೊಡುವುದಿಲ್ಲ.

ಲವರ್ನ್‌ಳನ್ನು ಚಿಕಾಗೋದ ನಿನ್ನ ಅತ್ತೆಯ ಮನೆಗೆ ಕಳಿಸಿದ್ದೇನೆ. ಗುಂಡಿನ ಮಾತಿನಲ್ಲಿ ನೀನು ಹೇಳಿದ್ದು ಸರಿ.

ಈ ಡೇರೆಯ ಬಟ್ಟೆಗೆ ಮೊಳೆ ಹೊಡೆಯಲಾಗದು. ಮೂವರು ಅಧ್ಯಕ್ಷರೂ ಟ್ರಂಕಿನೊಳಗೆ ನಿನ್ನ ಹಳೇ ಶರ್ಟಿನ ಕೆಳಗೆ ಮಲಗಿದ್ದಾರೆ. ಯೇಸುವನ್ನು ಮಾತ್ರ ಕಂಬಕ್ಕೆ ಕಟ್ಟಿದ್ದೇನೆ. ಅವನಿಗೆ ಅದು ಅಭ್ಯಾಸ. ಇನ್ನೊಂದು ತೊಂದರೆ ಅಂದರೆ ಗೂಟ. ಸಂಜೆ ಬಿಗಿಯಾಗಿ ಕಟ್ಟಿ ಮಲಗಿದರೂ ಮಳೆ ಬಂದಾಗಲೆಲ್ಲ ಗೂಟಗಳು ತಾವೇ ಕಿತ್ತುಕೊಂಡು ಬರುತ್ತವೆ. ಯಾಕೋ ಯಾರಿಗೂ ತಿಳಿಯುತ್ತಿಲ್ಲ.

ಕಾಗದ ಬರೆಯುವುದಿಲ್ಲ ಅಂದಿದ್ದೀಯ. ನಿನ್ನ ಇಷ್ಟ. ನಾನು ಬರೆಯುತ್ತೇನೆ.

ಅವ್ವ


ಮೂರನೆಯ ಡೇರೆ
28 ಆಗಸ್ಟ್ 1966

ರೂಬೆನ್,

ಹನ್ನೆರಡು ವಾರ. ಡೀಕನ್ ಟಾಲ್ಬರ್ಟ್ ಇತ್ತ ಬರುವಾಗ ದೂರದಿಂದಲೇ ತಲೆ ಅಲ್ಲಾಡಿಸುತ್ತಾರೆ, ನಾನು ಕಾಯಬಾರದು ಅಂತ. ಈಗ ಅವರ ಟೋಪಿ ಕಂಡರೇ ನನ್ನ ಮುಖ ತಿರುಗುತ್ತದೆ. ಪಾಪ, ಅವರ ತಪ್ಪೇನು.

ಸಿಟ್ಟಿದ್ದರೆ ಬೈದು ಬರೆ. ಖಾಲಿ ಹಾಳೆ ಮಡಿಸಿ ಕಳಿಸಿದರೂ ಸಾಕು. ಮೇಲೆ ನಿನ್ನ ಅಕ್ಷರ ಇರುತ್ತದಲ್ಲ.

ಅವ್ವ


ಮೂರನೆಯ ಡೇರೆ
9 ನವೆಂಬರ್ 1966

ರೂಬೆನ್,

ನೀನು ಇದ್ದೀಯೋ ಇಲ್ಲವೋ ಗೊತ್ತಿಲ್ಲದೆ ನಿನ್ನೆ ಮತ ಹಾಕಿದೆ.

ಬೆಳಗಾಗುವ ಮೊದಲೇ ಸಾಲು ನಿಂತೆವು. ಮಧ್ಯಾಹ್ನಕ್ಕೆ ನನ್ನ ಸರದಿ ಬಂತು. ಮೇಜಿನ ಹಿಂದೆ ಕೂತಿದ್ದ ಬಿಳಿಯನು ಪಟ್ಟಿಯ ಮೇಲೆ ಬೆರಳು ಓಡಿಸಿ, "ಈಗ ಎಲ್ಲಿದೀಯ? ವಿಳಾಸ ಹೇಳು" ಅಂದ.

"ಹೆದ್ದಾರಿ ಪಕ್ಕ, ಮೂರನೇ ಡೇರೆ."

"ಅದೆಲ್ಲಾ ವಿಳಾಸ ಅಲ್ಲಮ್ಮ."

"ಮಳೆ ಬಂದ್ರೆ ಅಲ್ಲೇ ನೆನೀತೀನಿ, ಗುಂಡು ಬಂದ್ರೆ ಅಲ್ಲೇ ಬಗ್ತೀನಿ. ವಿಳಾಸ ಅಲ್ದೆ ಇನ್ನೇನ್ ಸ್ವಾಮಿ ಅದು?"

ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ವಾಷಿಂಗ್ಟನ್ನಿನಿಂದ ನೋಡಲು ಬಂದಿದ್ದವನು ಮೂಲೆಯಲ್ಲಿ ತಲೆ ಎತ್ತಿದ. ಮತಪತ್ರ ನನ್ನ ಕೈಗೆ ಬಂತು. ಡೀಕನ್ ಟಾಲ್ಬರ್ಟ್ ಹೆಸರಿನ ಮುಂದೆ ಗುರುತು ಹಾಕಿದೆ. ಬಲಗೈಯಿಂದಲೇ.

ಸೋತೆವು. ಟಾರ್ಪ್ಲೀ ತಾನೇ ಹೆಸರು ಬರೆಸಿದ ಆಳುಗಳನ್ನು ಹತ್ತಿಯ ಲಾರಿಯಲ್ಲಿ ತುಂಬಿಕೊಂಡು ಬಂದ, ಯಾರ ಹೆಸರಿಗೆ ಹಾಕಬೇಕೆಂದು ಮೊದಲೇ ಗುರುತು ಮಾಡಿದ ಚೀಟಿ ಒಬ್ಬೊಬ್ಬನ ಕೈಗೂ ಕೊಟ್ಟ. ನನ್ನ ಮಂಚ ಹೊರುವಾಗ ಅತ್ತವನೂ ಆ ಲಾರಿಯಲ್ಲಿದ್ದ. ಜಿಂಕೆ ಬೇಟೆಯ ಷರೀಫನೇ ಮತ್ತೆ ಷರೀಫ. ಆದರೆ ಅವನು ಈ ಸಲ ನಮ್ಮ ಮತ ಎಣಿಸಬೇಕಾಯಿತು. ಒಂದೊಂದನ್ನೂ.

ನಿನ್ನ ವರ್ಷ ಮುಗಿಯಿತು. ಎಲ್ಲಿದ್ದೀಯ?

ಅವ್ವ


ಸೈನಿಕ ಆಸ್ಪತ್ರೆ, ಜಪಾನ್
27 ನವೆಂಬರ್ 1966

ಅವ್ವ,

ಇದ್ದೇನೆ.

ನಿನ್ನ ಕೊನೆಯ ಎರಡು ಕಾಗದ ಊರೂರು ಸುತ್ತಿ ನಿನ್ನೆ ಒಟ್ಟಿಗೆ ಸಿಕ್ಕವು. ಅಕ್ಟೋಬರಿನಲ್ಲಿ ಸೈನ್ಯದವರು ನಿನಗೆ ತಂತಿ ಕಳಿಸಿದ್ದಾರೆ. ಹಳೇ ವಿಳಾಸಕ್ಕೆ. ಟಾರ್ಪ್ಲೀ ಅದನ್ನು ನಿನಗೆ ಮುಟ್ಟಿಸಿಲ್ಲ ಎಂದು ಈಗ ತಿಳಿಯಿತು. ಆದ್ದರಿಂದ ನಾನೇ ಹೇಳಬೇಕು. ನೆಲದಲ್ಲಿ ಹುಗಿದಿಟ್ಟ ಬಾಂಬಿನ ಮೇಲೆ ಕಾಲಿಟ್ಟೆ. ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಉಳಿದದ್ದೆಲ್ಲ ಇದೆ. ಡ್ವೈಟ್ ನನ್ನನ್ನು ಹೆಗಲ ಮೇಲೆ ಹೊತ್ತು ತಂದ.

ಜೂನ್ ಕಾಗದಕ್ಕೆ ಉತ್ತರ ಬರೆಯದೆ ಇದ್ದದ್ದು ಮೊದಲು ಸಿಟ್ಟಿನಿಂದ. ಆಮೇಲೆ ನಾಚಿಕೆಯಿಂದ. ಜುಲೈನಲ್ಲಿ ನಮ್ಮನ್ನು ಒಂದು ಹಳ್ಳಿಗೆ ಕಳಿಸಿದರು. ಹಳ್ಳಿ ಖಾಲಿ ಮಾಡಿಸಬೇಕು, ಜನರನ್ನು ಲಾರಿಗೆ ಹತ್ತಿಸಬೇಕು, ಮನೆ ಸುಡಬೇಕು. ಲಾರಿ ಹೋಗುವ ಜಾಗದಲ್ಲಿ ಅವರಿಗೆ ಏನು ಕೊಡುತ್ತಿದ್ದರು ಗೊತ್ತಾ? ಡೇರೆ. ನಮ್ಮವೇ. ಅದೇ ವಾಸನೆ.

ಒಬ್ಬಳು ಮುದುಕಿ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಏಳಲಿಲ್ಲ. ಸಾರ್ಜೆಂಟ್ ನನಗೆ, "ಎತ್ಕೊಂಡ್ ಬಾರೋ" ಅಂದ. ಎತ್ತಿದೆ. ಅರ್ಧ ಚೀಲ ಹತ್ತಿಯಷ್ಟೂ ಭಾರ ಇರಲಿಲ್ಲ. ಅವಳು ಕಿರುಚಲಿಲ್ಲ, ಹೊಡೆಯಲಿಲ್ಲ. ನನ್ನ ಮುಖವನ್ನು ನೋಡಿದಳು, ಅಷ್ಟೇ. ನೀನು ಮೆಟ್ಟಿಲ ಮೇಲೆ ನಿಂತು ಟಾರ್ಪ್ಲೀಯನ್ನು ನೋಡಿದ ಹಾಗೆ. ಅವತ್ತು ಗಾಡಿಯಲ್ಲಿ ಬಂದವನು ನಾನು ಅವ್ವ. ಹಾರನ್ ಹೊಡೆದವನು ನಾನು. ಅದಾದ ಮೇಲೆ ನಿನಗೆ ಯಾವ ಮುಖ ಇಟ್ಟುಕೊಂಡು ಬರೆಯಲಿ?

ನಿದ್ದೆ ಬರದಿದ್ದಾಗ ಈಗ ನಮ್ಮ ಮನೆಗೆ ಹೋಗಲು ಆಗುವುದಿಲ್ಲ. ಮೆಟ್ಟಿಲ ಮೇಲೆ ಅವಳು ಕೂತಿರುತ್ತಾಳೆ.

ಇವತ್ತು ಒಬ್ಬ ಅಧಿಕಾರಿ ಬಂದು, "ನಿನ್ನ ಎಲ್ಲಿಗೆ ಕಳಿಸ್ಬೇಕು? ಮನೆ ವಿಳಾಸ ಹೇಳು" ಅಂದ. ಹೆದ್ದಾರಿ ಪಕ್ಕ, ಮೂರನೆಯ ಡೇರೆ ಎಂದೆ. ಪೆನ್ನು ಎತ್ತಿಕೊಂಡೇ ಕೂತ. "ಬರ್ಕೊಳ್ಳಿ ಸಾರ್, ಅಲ್ಲಿ ಮತದಾರರ ಪಟ್ಟೀಲೂ ಬರ್ಕೊಂಡಿದಾರೆ" ಎಂದೆ. ಬರೆದುಕೊಂಡ.

ಅಧ್ಯಕ್ಷರನ್ನು ಟ್ರಂಕಿನಲ್ಲೇ ಬಿಡು.

ಗೂಟ ಕೀಳುವುದು ಯಾಕೆಂದರೆ, ಆ ಹಗ್ಗ ನೆನೆದರೆ ಕುಗ್ಗುತ್ತದೆ. ಬಿಗಿಯಾಗಿ ಕಟ್ಟಿದಷ್ಟೂ ಗೂಟವನ್ನೇ ಎಳೆದುಹಾಕುತ್ತದೆ. ಮೋಡ ಕಂಡ ಕೂಡಲೇ ಹಗ್ಗವನ್ನು ಸ್ವಲ್ಪ ಸಡಿಲ ಬಿಡು. ಬಿಸಿಲು ಬಂದ ಮೇಲೆ ಮತ್ತೆ ಎಳೆದು ಕಟ್ಟು. ಉಳಿದ ಡೇರೆಯವರಿಗೂ ಹೇಳು. ಇದನ್ನು ಜೂನ್‌ನಲ್ಲೇ ಬರೆಯಬೇಕಿತ್ತು.

ಡೇರೆಗೆ ಮೆಟ್ಟಿಲಿಲ್ಲ. ನನಗೆ ಈಗ ಅದು ಅನುಕೂಲವೇ. ಆದರೆ ಮಾರ್ಚಿಗೆ ನನಗೆ ಇಪ್ಪತ್ತೊಂದು ತುಂಬುತ್ತದೆ. ಹೆಸರು ಬರೆಸಲು ನಾನು ಅಂಚೆ ಕಚೇರಿಯ ಹಿಂದಿನ ಕೋಣೆಗೆ ಹೋಗುವುದಿಲ್ಲ, ನಿನ್ನನ್ನು ಮೂರು ಸಲ ಅಟ್ಟಿದ ಕೋರ್ಟಿನ ಬಾಗಿಲಿಗೇ ಹೋಗುತ್ತೇನೆ. ಅಲ್ಲಿ ಎಷ್ಟು ಮೆಟ್ಟಿಲಿವೆ, ಎಣಿಸಿ ಬರೆ. ಇಲ್ಲಿ ಮರದ ಕಾಲಿನಲ್ಲಿ ನಡೆಯುವುದು ಕಲಿಸುತ್ತಾರೆ. ಅಷ್ಟು ಮೆಟ್ಟಿಲು ನಾನು ಈಗಿನಿಂದಲೇ ಹತ್ತಿ ಕಲಿಯಬೇಕು.

ನಿನ್ನ ಮಗ,
ರೂಬೆನ್